ವೃಷಭಾವತಿ ರಿಪೇರಿ, ನಮ್ಮ ಲೇಔಟಿನ ಮೋರಿಯಿಂದ ಶುರು

ಜನವರಿ 2024ರ ಒಂದು ಭಾನುವಾರ ಬೆಳಗ್ಗೆ 7 ಗಂಟೆಗೆ ನಾನೂ ಪಕ್ಕದ ಮನೆ ಮೇಷ್ಟ್ರೂ ನಮ್ಮ ಲೇಔಟ್ ಕೊನೇಲಿರೋ ದೊಡ್ಡ ಮೋರಿಗೆ ಒಂದೊಂದೇ ನಿಂಬೆಹಣ್ಣು ಬಿಡ್ತಾ ನಿಂತಿದ್ವಿ. ವಾಕಿಂಗ್ ಬಂದೋರೆಲ್ಲ ಯಾರಿಗೋ ಮಾಟ ತೆಗೆಸ್ತಿದಾರೆ ಅಂದ್ಕೊಂಡು ರಸ್ತೆ ಆ ಕಡೆಗೆ ದಾಟ್ಕೊಂಡು ಹೋದ್ರು.

ವಿಷ್ಯ ಅಷ್ಟೇನಿಲ್ಲ, ಮೋರೀಲಿ ಎಷ್ಟು ನೀರು ಹರೀತಿದೆ ಅಂತ ಲೆಕ್ಕ ಬೇಕಿತ್ತು. ಮೋರಿ ಗೋಡೆ ಮೇಲೆ 10 ಮೀಟರ್ ದೂರಕ್ಕೆ ಎರಡು ಚಾಕ್‌ಪೀಸ್ ಗೆರೆ, ಮೇಲಿನ ಗೆರೇಲಿ ನಿಂಬೆಹಣ್ಣು ಬಿಟ್ಟು ಕೆಳಗಿನ ಗೆರೆ ದಾಟೋಕೆ ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ನೋಡೋದು. 50 ಸೆಕೆಂಡ್ ಬಂತು, ಅಂದ್ರೆ ಸೆಕೆಂಡಿಗೆ 20 ಸೆಂಟಿಮೀಟರ್. ನೀರಿನ ಅಗಲ 60 ಸೆಂಟಿಮೀಟರ್, ಆಳ 4. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡೋದ್ರಿಂದ 0.85ರಿಂದ ಗುಣಿಸ್ಬೇಕು. ಎಲ್ಲಾ ಸೇರಿದ್ರೆ ಸೆಕೆಂಡಿಗೆ 4 ಲೀಟರ್. 20 ಲೀಟರ್ ಕ್ಯಾನ್ ಇಟ್ರೆ 5 ಸೆಕೆಂಡಿಗೆ ತುಂಬತ್ತೆ. ಮಳೆ ಬಂದು ವಾರಗಳೇ ಆಗಿತ್ತು, ಮೋಡದ ಸುಳಿವೂ ಇರ್ಲಿಲ್ಲ.

ಮಧ್ಯಾಹ್ನ 3ಕ್ಕೆ ಮತ್ತೆ ಹೋದ್ವಿ, 1 ಲೀಟರಿಗೂ ಕಮ್ಮಿ. ರಾತ್ರಿ 2 ಗಂಟೆಗೆ ನಾನೊಬ್ನೇ ಟಾರ್ಚ್ ಹಿಡ್ಕೊಂಡು ಹೋದೆ, ಬೀದಿನಾಯಿಗಳ ಕೈಲಿ ಚೆನ್ನಾಗಿ ಬೈಸ್ಕೊಂಡೆ, ನೀರು ನೂಲಿನಷ್ಟು ಹರೀತಿತ್ತು. ಬೆಳಗ್ಗೆ ಮೇಷ್ಟ್ರಿಗೆ ಹೇಳಿದ್ರೆ ಅವರು ನಕ್ಕು "ಯಾವ ಹಳ್ಳಕ್ಕಪ್ಪಾ ದಿನಾ ಬೆಳಗ್ಗೆ ಏಳಕ್ಕೆ ಸರಿಯಾಗಿ ಪ್ರವಾಹ ಬರತ್ತೆ, ಇದು ನಮ್ಮೆಲ್ಲರ ಸ್ನಾನದ ಟೈಮ್‌ಟೇಬಲ್ಲು ಕಣಯ್ಯ" ಅಂದ್ರು. ಆ ಒಂದು ಮಾತಿಂದ ಇಡೀ ಕೆಲಸದ ದಿಕ್ಕೇ ಬದಲಾಯ್ತು, ಯಾಕಂದ್ರೆ ಅಲ್ಲೀವರೆಗೂ ನನ್ನ ತಲೇಲಿದ್ದಿದ್ದು ಮೋರಿ ಒಳಗೆ ಗಿಡ ನೆಟ್ಟು ನೀರು ಕ್ಲೀನ್ ಮಾಡೋ ಪ್ಲಾನು.

ನಮ್ಮ ಲೇಔಟ್ ಇರೋದು ನಾಗರಭಾವಿ ಕಡೆ. ಬೆಂಗಳೂರಿನ ಮಧ್ಯೆ ಒಂದು ಏರು ಹಾದುಹೋಗಿದೆಯಲ್ಲ, ಅದರ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿ ಕಡೆಗೆ ಹೋಗತ್ತೆ, ಪಶ್ಚಿಮಕ್ಕೆ ಬಿದ್ದಿದ್ದು ವೃಷಭಾವತಿಗೆ. ನಮ್ಮದು ಪಶ್ಚಿಮದ ಇಳಿಜಾರು. ನಮ್ಮ ಮೋರಿ ಮುಂದೆ ಇನ್ನೊಂದು ಹಳ್ಳಕ್ಕೆ ಸೇರಿ, ಅದು ಮೈಸೂರು ರಸ್ತೆ ಪಕ್ಕದ ವೃಷಭಾವತಿಗೆ ಸೇರಿ, ಬಿಡದಿ ಹತ್ರ ಬೈರಮಂಗಲ ಕೆರೆಗೆ ಹೋಗಿ, ಆಮೇಲೆ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. ಬಸವನಗುಡಿ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟೋ ನದಿ ಅಂತ ಅದಕ್ಕೆ ವೃಷಭಾವತಿ ಅನ್ನೋ ಹೆಸರು. ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಕಡೆಯಿಂದಲೂ ಒಂದು ಕವಲು ಬರತ್ತೆ. ಗಾಳಿ ಆಂಜನೇಯನ ಗುಡಿ ಹತ್ರ ಬಸ್ಸಲ್ಲಿ ಹೋಗೋವಾಗ ಮೂಗು ಮುಚ್ಕೋತೀವಲ್ಲ, ಆ ಜಾಗ ಒಂದು ಕಾಲಕ್ಕೆ ಎರಡು ಹೊಳೆ ಕೂಡೋ ಸಂಗಮ ಅಂತ ಹೇಳಿದ್ರೆ ನಮ್ಮ ಹುಡುಗ್ರು ನಂಬಲ್ಲ.

ಈಗ ಅಸಲಿ ವಿಷ್ಯ ಏನಂದ್ರೆ, ಈ ನದಿ ಬೇಸಿಗೇಲೂ ತುಂಬಿ ಹರಿಯತ್ತೆ. ಹಾಗೆ ಹರೀಬಾರ್ದು. ಏರಿನ ನೆತ್ತೀಲಿ ಹುಟ್ಟೋ ಸಣ್ಣ ಹೊಳೆ ಇದು, ಮಳೆಗಾಲದಲ್ಲಿ ತುಂಬಿ, ಆಮೇಲೆ ನಾಕೈದು ತಿಂಗಳು ಒರತೆ ನೀರಲ್ಲಿ ತೆಳ್ಳಗೆ ಹರಿದು, ಬೇಸಿಗೇಲಿ ಅಲ್ಲಲ್ಲಿ ಗುಂಡಿಗಳಲ್ಲಿ ಮಾತ್ರ ನಿಲ್ಲಬೇಕಾದ್ದು. ಈಗ ಹರೀತಿರೋದು ನೂರು ಕಿಲೋಮೀಟರ್ ದೂರದಿಂದ ಪಂಪ್ ಹೊಡೆದು ತಂದಿರೋ ಕಾವೇರಿ ನೀರು ಮತ್ತೆ ನಮ್ಮ ಬೋರ್‌ವೆಲ್ ನೀರು, ನಮ್ಮ ಬಚ್ಚಲಿಂದ ಹೊರಟು ವಾಪಸ್ಸು ಕಾವೇರಿಗೇ ಹೋಗ್ತಿದೆ. ಮನೆಗೆ ಬಂದ ನೀರಲ್ಲಿ ನೂರಕ್ಕೆ 80 ಭಾಗ ಕೊಳಚೆ ಆಗಿ ಹೊರಗೆ ಹೋಗತ್ತೆ ಅಂತ ಇಂಜಿನಿಯರುಗಳು ಲೆಕ್ಕ ಹಿಡೀತಾರೆ. ನಾನು ಪೀಣ್ಯದಲ್ಲಿ ಪಂಪ್ ರಿಪೇರಿ ಮಾಡೋನು, ಅಷ್ಟು ಎತ್ತರಕ್ಕೆ ನೀರು ಎತ್ತೋಕೆ ಎಷ್ಟು ಕರೆಂಟ್ ತಿನ್ನತ್ತೆ ಅಂತ ನಂಗೊತ್ತು, ಅದಕ್ಕೇ ಇನ್ನೂ ಹೊಟ್ಟೆ ಉರಿಯತ್ತೆ.

ಇದನ್ನ ಮಾರ್ಚ್ ತಿಂಗಳು ತಾನಾಗೇ ತೋರಿಸಿಕೊಡ್ತು. 2024ರ ಮಾರ್ಚ್ ನೆನಪಿದ್ಯಲ್ಲ, ಬೋರ್‌ವೆಲ್ಲೆಲ್ಲ ಬತ್ತಿ, ಟ್ಯಾಂಕರಿಗೆ ಕ್ಯೂ ನಿಂತು, ಕಾರು ತೊಳೆದ್ರೆ 5000 ರೂಪಾಯಿ ದಂಡ ಅಂತ ಆರ್ಡರ್ ಬಂದಿತ್ತು. ಆ ತಿಂಗಳು ನಮ್ಮ ಮೋರೀಲಿ ಬೆಳಗ್ಗೆ 7ರ ಅಳತೆ ಎರಡೂವರೆ ಲೀಟರಿಗೆ ಇಳೀತು. ನಲ್ಲೀಲಿ ನೀರು ಕಮ್ಮಿ ಆದ್ರೆ "ಹೊಳೆ"ಲೂ ಕಮ್ಮಿ. ಇದಕ್ಕಿಂತ ಪುರಾವೆ ಬೇಕಾ.

ಸರಿ, ಕೊಳಚೆ ಎಲ್ಲಿಂದ ಬರ್ತಿದೆ ಅಂತ ಹಿಡೀಬೇಕು. ನಮ್ಮ ಲೇಔಟಿಗೆ ಯುಜಿಡಿ ಲೈನ್, ಅಂದ್ರೆ ನೆಲದೊಳಗಿನ ಕೊಳಚೆ ಪೈಪು ಇದೆ, ಎಲ್ಲ ಮನೇಗೂ ಕನೆಕ್ಷನ್ ಇದೆ, ಕಾಗದದಲ್ಲಿ ಒಂದು ತೊಟ್ಟೂ ಮೋರಿಗೆ ಬೀಳೋ ಹಾಗಿಲ್ಲ. ಮೇಷ್ಟ್ರು ಮೊದಲು ಅರಿಶಿನ ಕದಡಿ ಹಾಕೋಣ ಅಂದ್ರು, ಹಾಕಿದ್ವಿ, ಮೋರಿಯ ಕಪ್ಪು ನೀರಲ್ಲಿ ಅರ್ಧ ಕೆಜಿ ಅರಿಶಿನ ಎಲ್ಲೋಯ್ತು ಅಂತಲೇ ಗೊತ್ತಾಗ್ಲಿಲ್ಲ, ಮನೇಲಿ ಬೈಸ್ಕೊಂಡಿದ್ದಷ್ಟೇ ಲಾಭ. ಆಮೇಲೆ ನಮ್ಮ ಫೀಲ್ಡಲ್ಲಿ ಲೀಕ್ ಹುಡುಕೋಕೆ ಬಳಸೋ ಫ್ಲೋರೆಸೀನ್ ಪುಡಿ ನೆನಪಾಯ್ತು. ಕೆಮಿಕಲ್ ಅಂಗಡೀಲಿ ಸಿಗತ್ತೆ, ಒಣಗಿದ್ದಾಗ ಇಟ್ಟಿಗೆ ಬಣ್ಣ, ನೀರಿಗೆ ಬಿದ್ದ ತಕ್ಷಣ ಹಾವಿನ ಹಸಿರು ಅಂತಾರಲ್ಲ ಹಂಗೆ ಮಿಂಚತ್ತೆ. ಟೀ ಚಮಚದ ತುದೀಲಿ ಬರೋವಷ್ಟು ಸಾಕು. ಗ್ಲೌಸ್ ಹಾಕ್ಕೊಳಿ, ನಾನು ಹಾಕ್ಕೊಳ್ಲಿಲ್ಲ, ಮೂರು ದಿನ ಆಫೀಸಲ್ಲಿ ಎಲ್ರೂ ನನ್ನ ಉಗುರು ನೋಡಿ ನಕ್ರು.

ವಿಧಾನ ಸುಲಭ, ಜನಾನ ಒಪ್ಪಿಸೋದು ಕಷ್ಟ. ಒಬ್ರು ಮನೆ ಒಳಗೆ ಟಾಯ್ಲೆಟ್ಟು, ಬಚ್ಚಲು, ಅಡುಗೆಮನೆ ಸಿಂಕು, ಬಟ್ಟೆ ಪಾತ್ರೆ ತೊಳೆಯೋ ಯುಟಿಲಿಟಿ ಅಂತ ಒಂದೊಂದ್ ಕಡೆ ಪುಡಿ ಕದಡಿದ ನೀರು ಸುರೀಬೇಕು, ಇನ್ನೊಬ್ರು ಮನೆ ಮುಂದಿನ ಚರಂಡಿ ಚಪ್ಪಡಿ ಎತ್ತಿ ನೋಡ್ತಾ ಇರಬೇಕು, ಮೂರನೆಯವರು ಯುಜಿಡಿ ಚೇಂಬರ್ ಮುಚ್ಚಳ ತೆಗೆದು ಬಗ್ಗಿ ನೋಡ್ಬೇಕು. ಹಸಿರು ಚೇಂಬರಲ್ಲಿ ಬಂದ್ರೆ ಪಾಸು, ಚರಂಡೀಲಿ ಬಂದ್ರೆ ಫೇಲು. ಇಲ್ಲೊಂದು ಮಾತು, ಮುಚ್ಚಳ ತೆಗೆದು ಮೇಲಿಂದ ನೋಡೋದು ಅಷ್ಟೇ, ರಸ್ತೆ ಮ್ಯಾನ್‌ಹೋಲ್ ಒಳಗೆ ಯಾರನ್ನೂ ಇಳಿಸ್ಬೇಡಿ, 2013ರ ಕಾನೂನು ಪ್ರಕಾರ ಅದು ಅಪರಾಧ, ಕಾನೂನು ಇಲ್ದಿದ್ರೂ ಒಳಗಿನ ಗ್ಯಾಸಿಗೆ ಒಂದು ನಿಮಿಷ ಸಾಕು.

ಮೊದಲ ಟೆಸ್ಟ್ ಯಾರ ಮನೇಲಿ ಅಂತ ಚರ್ಚೆ ಆಗಿ, ಬೇರೆಯವ್ರಿಗೆ ಹೇಳೋಕ್ ಮುಂಚೆ ನಮ್ಮನೇದೇ ಆಗ್ಲಿ ಅಂತ ನಾನು ದೊಡ್ಡತನ ತೋರಿಸ್ದೆ. ಟಾಯ್ಲೆಟ್ ಪಾಸು, ಬಚ್ಚಲು ಪಾಸು, ಸಿಂಕ್ ಪಾಸು. ಕೊನೇಗೆ ನಮ್ಮನೆಯವಳು ವಾಷಿಂಗ್ ಮೆಷಿನ್ ಪೈಪ್ ಇರೋ ಯುಟಿಲಿಟಿ ಜಾಲರಿಗೆ ಒಂದು ಚೊಂಬು ಸುರಿದ್ಲು. ಚೇಂಬರ್ ಹತ್ರ ಮೇಷ್ಟ್ರು "ಬರ್ಲಿಲ್ಲ, ಬರ್ಲಿಲ್ಲ" ಅಂತಿದ್ರು. ಎದುರು ಮನೆ ಅಕ್ಕ ಚರಂಡಿ ಕಡೆಯಿಂದ "ಅಯ್ಯೋ ಬಂತು ನೋಡಿ, ಎಷ್ಟು ಚೆನ್ನಾಗಿದೆ" ಅಂತ ಕೂಗಿದ್ರು. ಹೋಗಿ ನೋಡಿದ್ರೆ ಚಪ್ಪಡಿ ಕೆಳಗಿಂದ ನನ್ನ ಮನೆಯ ಹಸಿರು ನೀರು ಚರಂಡಿ ತುಂಬ ಹಬ್ಕೊಂಡು ಹೋಗ್ತಿದೆ. ಹನ್ನೊಂದು ವರ್ಷ. ದಿನಾ ಒಂದು ಲೋಡ್ ಬಟ್ಟೆ. ಮನೆ ಕಟ್ಟಿಸಿದಾಗ ಗಾರೆ ಮೇಸ್ತ್ರಿ ಯುಟಿಲಿಟಿ ಪೈಪನ್ನ ಹತ್ರದಲ್ಲಿದ್ದ ತಾರಸಿ ಮಳೆನೀರಿನ ಪೈಪಿಗೆ ಸೇರಿಸಿಬಿಟ್ಟಿದ್ದ, ಒಂದು ಎಲ್ಬೋ ಮತ್ತೆ ಎಂಟಡಿ ಪೈಪ್ ಉಳಿಸೋಕೆ, ನಾನು ಪೈಪ್ ಕೆಲಸದೋನಾಗಿ ಪಕ್ಕದಲ್ಲೇ ನಿಂತು ನೋಡಿದ್ದೆ ಬೇರೆ.

ಅದೊಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. "ನಿಮ್ಮನೆ ಕೊಳಚೆ ಮೋರಿಗೆ ಬರ್ತಿದೆ" ಅಂತ ಹೋದ್ರೆ ಜನ ಜಗಳಕ್ಕೆ ಬರ್ತಾರೆ, "ನಮ್ಮನೇದು ಬರ್ತಿತ್ತು, ನಿಮ್ದೂ ಒಂಚೂರು ನೋಡೋಣ್ವಾ" ಅಂತ ಹೋದ್ರೆ ಕಾಫಿ ಕೊಡ್ತಾರೆ. 410 ಮನೆ ಇರೋ ಲೇಔಟಲ್ಲಿ ಜೂನ್ ಹೊತ್ತಿಗೆ 230 ಮನೆ ಮುಗಿಸಿದ್ವಿ, ಅದರಲ್ಲಿ 70ಕ್ಕೂ ಹೆಚ್ಚು ಕಡೆ ಏನಾದ್ರೂ ಒಂದು ತಪ್ಪು ಜೋಡಣೆ. ಬಹುಪಾಲು ಯುಟಿಲಿಟಿ ಮತ್ತೆ ಬಚ್ಚಲು. ಟಾಯ್ಲೆಟ್ ನೇರ ಮೋರಿಗೆ ಬಿಟ್ಟಿದ್ದು ಐದೇ ಮನೆ, ಯುಜಿಡಿ ಬರೋಕ್ ಮುಂಚೆ ಕಟ್ಟಿದ್ದವು.

ಆದ್ರೆ ದೊಡ್ಡ ಕಳ್ಳ ಮನೆಗಳಲ್ಲಿರ್ಲಿಲ್ಲ. 5ನೇ ಕ್ರಾಸಿನ ತಿರುವಲ್ಲಿ ಯುಜಿಡಿ ಮ್ಯಾನ್‌ಹೋಲ್ ಗೋಡೆಗೆ ಒಂದು ತೂತು, ಆ ತೂತಿಂದ ಪಕ್ಕದ ಮಳೆನೀರು ಚರಂಡಿಗೆ ಆರಿಂಚು ಪೈಪು. ಯಾವಾಗ್ಲೋ ಲೈನ್ ಕಟ್ಕೊಂಡಾಗ, ರಸ್ತೆ ಮೇಲೆ ಉಕ್ಕದೇ ಇರಲಿ ಅಂತ ಯಾರೋ "ತಾತ್ಕಾಲಿಕ" ಅಂತ ಮಾಡಿದ್ದು. ಯಾರು ಅಂತ ಕೆದಕೋಕೆ ಹೋಗ್ಲಿಲ್ಲ. ಸಂಬಂಧಪಟ್ಟ ಆಫೀಸಿಗೆ ನಾಕು ಸಲ ಅಲೆದಾಡಿದ್ವಿ, ಪ್ರತಿ ಸಲ ಹೊಸ ಸಾಹೇಬ್ರು, ಹೊಸದಾಗಿ ಹಸಿರು ಫೋಟೋ ತೋರಿಸೋದು. ಕೊನೇಗೆ ಒಬ್ರು ಸ್ಥಳಕ್ಕೆ ಬಂದ್ರು, ಅವರ ಕಣ್ಣೆದುರೇ ಪುಡಿ ಹಾಕಿದ್ವಿ, ಜೋರಾಗಿ ನೀರು ಹೊಡೆದು ಲೈನ್ ಬಿಡಿಸೋ ಜೆಟ್ಟಿಂಗ್ ಮೆಷಿನ್ ಕಳಿಸಿದ್ರು. ಲೈನಿಂದ ಬಂದ ಮಾಲು ನೋಡ್ಬೇಕಿತ್ತು, ಎಂ-ಸ್ಯಾಂಡು, ಜಲ್ಲಿ, ಒಂದು ಸೀರೆ, ತೆಂಗಿನಚಿಪ್ಪು. ಮರಳು ಯುಜಿಡಿ ಒಳಗೆ ಹೇಗೆ ಹೋಯ್ತು ಅಂದ್ರೆ ಅದೇ ಇನ್ನೊಂದು ತಪ್ಪು, ನಮ್ಮ ಜನ ತಾರಸಿ ಮಳೆನೀರನ್ನ ತಗೊಂಡ್ ಹೋಗಿ ಯುಜಿಡಿ ಚೇಂಬರಿಗೆ ಬಿಟ್ಟಿರ್ತಾರೆ. ಕೊಳಚೆ ಮಳೆ ಚರಂಡಿಗೆ, ಮಳೆ ಕೊಳಚೆ ಲೈನಿಗೆ, ಎರಡೂ ಅದಲು ಬದಲು. ಜೋರು ಮಳೆ ಬಂದಾಗ ಮ್ಯಾನ್‌ಹೋಲ್ ಮುಚ್ಚಳ ಕುಣಿಯೋದು ಇದೇ ಕಾರಣಕ್ಕೆ. ಲೈನ್ ಕ್ಲಿಯರ್ ಆದ ಮೇಲೆ ಆ ತೂತನ್ನ ಇಟ್ಟಿಗೆ ಗಾರೆಯಲ್ಲಿ ಮುಚ್ಚಿದ್ರು. ಮಾರನೇ ದಿನ ಬೆಳಗ್ಗೆ 7ಕ್ಕೆ ಅಳೆದ್ರೆ 4 ಇದ್ದಿದ್ದು ಒಂದೂವರೆ ಲೀಟರ್. ಆರು ತಿಂಗಳು ಮನೆ ಮನೆ ಸುತ್ತಿದ್ದಕ್ಕಿಂತ ಒಂದು ಬಾಂಡ್ಲಿ ಗಾರೆ ಹೆಚ್ಚು ಕೆಲಸ ಮಾಡಿತ್ತು.

ಮನೆ ಪೈಪ್ ಬದಲಾವಣೆಗೆ ನಾವು ಮಾಡ್ಕೊಂಡ ರೂಢಿ ಇಷ್ಟೇ. ನಾಕಿಂಚು ಪಿವಿಸಿ, 60 ಅಡಿಗೆ ಒಂದು ಅಡಿ ಇಳಿಜಾರು. ಜಾಸ್ತಿ ಇಳಿಜಾರು ಕೊಟ್ರೆ ಒಳ್ಳೇದು ಅಂತ ಕೆಲವರು ಅಂದ್ಕೋತಾರೆ, ನೀರು ಓಡಿಹೋಗಿ ಗಟ್ಟಿ ಪದಾರ್ಥ ಹಿಂದೆ ಉಳಿಯತ್ತೆ, ಕಟ್ಕೊಳತ್ತೆ. ಚೇಂಬರಿಗೆ ಸೇರೋಕ್ ಮುಂಚೆ ಗಲ್ಲಿ ಟ್ರ್ಯಾಪ್ (ಸದಾ ನೀರು ನಿಂತಿರೋ ಬಾಗಿದ ಜೋಡಣೆ) ಇರ್ಲೇಬೇಕು, ಇಲ್ಲಾಂದ್ರೆ ವಾಸನೆ ಜಿರಳೆ ಎರಡೂ ಮನೆಗೆ ವಾಪಸ್ಸು. ಖರ್ಚು ಅವರವರ ಮನೇದು, ನಾಕು ಬಾಡಿಗೆ ಮನೆ ಓನರುಗಳು ಇವತ್ತಿಗೂ ಫೋನ್ ಎತ್ತಲ್ಲ.

ಇಷ್ಟೊತ್ತಿಗೆ ನಾನು ಮೇಷ್ಟ್ರ ಮಾತು ಕೇಳದೆ ಮಾಡಿದ ಕೆಲಸ ಹೇಳ್ಬಿಡ್ತೀನಿ. ಆಗಸ್ಟಲ್ಲಿ ಮೋರಿಯ ಕೊನೇಲಿ, ಅಗಲ ಆಗೋ ಜಾಗದಲ್ಲಿ, ಮೋರಿಯ ಒಳಗೇ ಅಡ್ಡಡ್ಡ ಜಲ್ಲಿ ತುಂಬಿ, ಸುತ್ತ ಮೆಶ್ ಕಟ್ಟಿ, ಜೊಂಡು, ಕಾಬಾಳೆ, ಲಾವಂಚ ನೆಟ್ಟು ಗಿಡದ ಪಾತಿ ಮಾಡಿದೆ. ಬೇರುಗಳ ಸುತ್ತ ಸೂಕ್ಷ್ಮಜೀವಿ ಬೆಳೆದು ಕೊಳಕನ್ನ ತಿನ್ನತ್ತೆ, ಜಲ್ಲಿ ಸೋಸತ್ತೆ, ತತ್ವ ಸರಿ. ಆರು ವಾರಕ್ಕೆ ಕಾಬಾಳೆ ಹೂ ಬಿಡ್ತು, ಎಲ್ರೂ ಸೆಲ್ಫಿ ತಗೊಂಡ್ರು, ವಾಸನೇನೂ ಕಮ್ಮಿ ಆಯ್ತು ಅಂದ್ರು. ಮೇಷ್ಟ್ರು ಮಾತ್ರ ಒಂದು ಚೀಟೀಲಿ ಲೆಕ್ಕ ಬರೆದು ಕೊಟ್ರು: ನಮ್ಮ ಲೇಔಟ್ ಸುಮಾರು 9 ಹೆಕ್ಟೇರು, ಗಂಟೆಗೆ 50 ಮಿಲಿಮೀಟರ್ ಮಳೆ ಬಂದ್ರೆ, ಸಿಮೆಂಟು ಟಾರು ಅಂತ ನೂರಕ್ಕೆ 80 ಭಾಗ ಹರಿದು ಬಂದ್ರೆ, ಸೆಕೆಂಡಿಗೆ 1000 ಲೀಟರ್. ನೀನು ಪಾತಿ ಕಟ್ಟಿರೋದು 4 ಲೀಟರಿಗೆ. ಚೀಟಿ ಜೇಬಲ್ಲಿಟ್ಕೊಂಡು ಮರೆತೆ.

ಅಕ್ಟೋಬರ್ 2024ರ ಮಳೆ ಗೊತ್ತಲ್ಲ, ಅರ್ಧ ಬೆಂಗಳೂರು ಬೋಟಲ್ಲಿ ಓಡಾಡ್ತು. ರಾತ್ರಿ 11ಕ್ಕೆ ಹೋಗಿ ನೋಡಿದೆ, ಮೋರಿ ತುಂಬಿ ಗೋಡೆ ನೆಕ್ತಿದೆ, ನನ್ನ ಪಾತಿ ಇದ್ದ ಕಡೆ ನೀರು ಎದ್ದು ಬೀಳ್ತಿದೆ, ಮೆಶ್‌ಗೆ ಪ್ಲಾಸ್ಟಿಕ್ಕು ಸೋಫಾ ಸ್ಪಂಜು ಸಿಕ್ಕಾಕೊಂಡು ಅಣೆಕಟ್ಟು ಆಗ್ಬಿಟ್ಟಿದೆ. ಹಿಂದಿನ ಎರಡು ಮನೆಗೆ ನೀರು ನುಗ್ಗೋದಕ್ಕೆ ಒಂದು ಅಡಿ ಬಾಕಿ. ನಾನೂ ಹೂವಿನಂಗಡಿ ಅಕ್ಕನ ಮಗನೂ ಗೋಡೆ ಮೇಲೆ ಮಲಗ್ಕೊಂಡು ಕತ್ತರೀಲಿ ಮೆಶ್ ತಂತಿ ಕತ್ತರಿಸಿದ್ವಿ, ಒಂದೇ ಸಲಕ್ಕೆ ಜಲ್ಲಿ ಗಿಡ ಎಲ್ಲ ಗುಡುಗಿದ ಹಾಗೆ ಹೊರಟೋಯ್ತು. ಬೆಳಗ್ಗೆ ಅಲ್ಲಿ ಒಂದೇ ಒಂದು ಲಾವಂಚದ ಬುಡ ಉಳಿದಿತ್ತು. ಮಳೆನೀರಿನ ದಾರೀಲಿ ಅಡ್ಡ ಏನನ್ನೂ ಕಟ್ಟಬೇಡಿ, ನಿಮಗೆ ಕೈ ಮುಗೀತೀನಿ, ಗಿಡ ಆದ್ರೂ ಸರಿ ದೇವ್ರಾದ್ರೂ ಸರಿ.

ಎರಡನೇ ಪಾತಿ ಮೋರಿ ಪಕ್ಕದ ಖಾಲಿ ಪಟ್ಟೀಲಿ ಮಾಡಿದ್ವಿ. 12 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 60 ಸೆಂಟಿಮೀಟರ್ ಆಳ, ಸುತ್ತ ಸೈಜುಗಲ್ಲು. ಮೋರಿ ತಳದಲ್ಲಿ ಮೂರಿಂಚು ಎತ್ತರದ ಸಣ್ಣ ಕಟ್ಟೆ, ಅದರ ಹಿಂದೆ ನಿಂತ ನೀರು ಪೈಪಲ್ಲಿ ಪಾತಿಗೆ ಹೋಗತ್ತೆ, ಇನ್ನೊಂದು ತುದೀಲಿ ವಾಪಸ್ಸು ಮೋರಿಗೆ ಬೀಳತ್ತೆ. ಮಳೆ ಬಂದ್ರೆ ನೀರು ಕಟ್ಟೆ ಹಾರಿ ತನ್ನ ಪಾಡಿಗೆ ತಾನು ಹೋಗತ್ತೆ. ಜಲ್ಲಿ ಸಂದಿಯಲ್ಲಿ ನಿಲ್ಲೋ ನೀರು 4300 ಲೀಟರ್, ಸೆಕೆಂಡಿಗೆ 0.3 ಲೀಟರ್ ಬಂದ್ರೆ ಒಳಗೆ 4 ಗಂಟೆ ಇರತ್ತೆ. ಅದಕ್ಕಿಂತ ಜಾಸ್ತಿ ಬಂದ್ರೆ ಪಾತಿ ಬರೀ ಶೋಕಿಗೆ. ಅದಕ್ಕೇ ಮೊದಲು ಕೊಳಚೆ ನಿಲ್ಲಿಸ್ಬೇಕು, ಉಳಿದ ಚೂರುಪಾರಿಗೆ ಗಿಡ.

ಅದಾದ್ಮೇಲೆ ಬಾವಿ. ಬೆಂಗಳೂರಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 970 ಮಿಲಿಮೀಟರ್ ಮಳೆ, ಅಂದ್ರೆ 30 ಅಡಿಗೆ 40 ಅಡಿಯ ಒಂದು ಸೈಟಿನ ಮೇಲೆ ಬೀಳೋದೇ ಒಂದು ಲಕ್ಷ ಲೀಟರ್. ಮಳೆಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನು ಬಂದಿದೆ, ನಮ್ಮ ಲೇಔಟಲ್ಲಿ ಇರೋದೆಲ್ಲ ಮೀಟರ್ ಕನೆಕ್ಷನ್ನಿಗೋಸ್ಕರ ಹಾಕಿದ ನೀಲಿ ಡ್ರಮ್ಮು, ಒಳಗೆ ಹಲ್ಲಿ ಮೊಟ್ಟೆ. ನಾವು ತಾರಸಿ ನೀರನ್ನ ಮಣ್ಣಿಗೆ ಇಂಗಿಸೋ ಇಂಗುಬಾವಿ ತೋಡಿಸೋಣ ಅಂತ ತೀರ್ಮಾನ ಮಾಡಿದ್ವಿ. ಮೂರಡಿ ಅಗಲ, ಇಪ್ಪತ್ತಡಿ ಆಳ, ಸಿಮೆಂಟ್ ರಿಂಗು. ತೋಡೋಕೆ ಬಂದ ಅಣ್ಣ ಸರ್ಜಾಪುರ ರಸ್ತೆ ಕಡೆಯ ಭೋವಿ ಜನ, ತಾತನ ಕಾಲದಿಂದ ಇದೇ ಕಸುಬು. ಅವರು ಬಂದೋರೇ ನನ್ನ ಡ್ರಾಯಿಂಗ್ ನೋಡಿ ಮೊದಲನೇ ಮಾತಿಗೇ "ಬಾವಿ ಒಳಗೆ ಜಲ್ಲಿ ತುಂಬೋದು ಬರೆದಿದೀರಲ್ಲ ಸಾರ್, ಯಾಕೆ? ಜಲ್ಲಿ ತುಂಬಿದ್ರೆ ನೀರು ಎಲ್ಲಿ ನಿಲ್ಲತ್ತೆ, ಹೂಳು ತೆಗೆಯೋಕೆ ನಾನು ಎಲ್ಲಿ ಇಳೀಲಿ?" ಅಂದ್ರು. ಖಾಲಿ ಬಾವಿ 4000 ಲೀಟರ್ ಹಿಡಿಯತ್ತೆ, ಜಲ್ಲಿ ತುಂಬಿದ್ರೆ ಅದರಲ್ಲಿ ಅರ್ಧಾನೂ ಇಲ್ಲ. ಡ್ರಾಯಿಂಗ್ ಹರಿದು ಹಾಕಿದೆ.

ಅವರು ಕೆಲಸ ಮಾಡೋದು ನೋಡ್ಬೇಕು. ಕೆಳಗೆ ಒಬ್ರು ಕುಕ್ಕರುಗಾಲಲ್ಲಿ ಕೂತು ಚಿಕ್ಕ ಹಿಡಿಯ ಹಾರೇಲಿ ಸುತ್ತ ಸವರ್ತಾರೆ, ಮೇಲೆ ರಾಟೆ ಹಗ್ಗದಲ್ಲಿ ಇಬ್ರು ಬಕೆಟ್ ಎಳೀತಾರೆ, ಹಗ್ಗ ಎರಡು ಸಲ ಅಲ್ಲಾಡಿದ್ರೆ ಎತ್ತು ಅಂತ, ಒಂದು ಸಲ ಅಂದ್ರೆ ನಿಲ್ಲು. ಗೋಡೆ ಎಷ್ಟು ದುಂಡಗೆ ಬರತ್ತೆ ಅಂದ್ರೆ ರಿಂಗ್ ಇಳಿಸೋವಾಗ ಎಲ್ಲೂ ಉಜ್ಜಲ್ಲ. ಎಂಟಡಿವರೆಗೆ ಕೆಂಪು ಮಣ್ಣು, ಆಮೇಲೆ ನಾಕಡಿ ಜೇಡಿ, ಅಲ್ಲೀವರೆಗೂ ಮುಖ ಗಂಟು ಹಾಕ್ಕೊಂಡಿದ್ರು, ಹದಿಮೂರನೇ ಅಡೀಲಿ ಬಿಳಿ ಚುಕ್ಕೆಯ ಗರಸು ಬಂತು, ಒಂದು ಹಿಡಿ ಮೇಲೆ ಕಳಿಸಿ "ಇದು ಕುಡಿಯೋ ಮಣ್ಣು ಸಾರ್" ಅಂದ್ರು. ನನಗೆ ಆ ಪದ ಭಾರೀ ಇಷ್ಟ ಆಯ್ತು. ಮೊದಲ ಬಾವಿಗೆ ಟ್ಯಾಂಕರಿಂದ ನೀರು ತುಂಬಿಸಿ ನೋಡಿದ್ವಿ, 4 ಗಂಟೇಲಿ ಎಂಟಡಿ ಇಳೀತು.

ಬಾವಿಗೊಂದಕ್ಕೆ 40 ಸಾವಿರದ ಹತ್ರ ಖರ್ಚು, ಎರಡೆರಡು ಮನೆ ಸೇರಿ ಒಂದು. ಫೆಬ್ರವರಿ 2025ರ ಹೊತ್ತಿಗೆ 14 ಬಾವಿ. ಒಂದು ನಿಯಮ ಮಾತ್ರ ಕಟ್ಟುನಿಟ್ಟು, ತಾರಸಿ ನೀರು ಮಾತ್ರ ಬಾವಿಗೆ. ಚರಂಡಿ ನೀರು ತಿರುಗಿಸೋಣ ಅಂತ ಕೆಲವರು ಹೇಳ್ತಾರೆ, ಆ ಬೀದೀಲಿ ಒಂದೇ ಒಂದು ಮನೆ ಕೊಳಚೆ ಉಳಿದಿದ್ರೂ ಅದು ನೇರ ಅಂತರ್ಜಲಕ್ಕೆ ಇಂಜೆಕ್ಷನ್ ಕೊಟ್ಟ ಹಾಗೆ. ಬಾವಿಗೆ ಮುಂಚೆ ಹೂಳು ತೊಟ್ಟಿ ಬೇಕೇಬೇಕು. ಅದನ್ನ ಕಟ್ಟದೇ ಬಿಟ್ಟ ಒಂದು ಬಾವಿಗೆ ಪಕ್ಕದ ತಾರಸಿ ಮೇಲೆ ರೂಮ್ ಕಟ್ಟಿಸ್ತಿದ್ದೋರ ಎಂ-ಸ್ಯಾಂಡ್ ಪೂರ್ತಿ ಇಳಿದು, ಮೊದಲ ಮುಂಗಾರಿಗೇ ಮೂರಡಿ ಹೂಳು, ತಳ ಸಿಮೆಂಟ್ ಹಾಕಿದ ಹಾಗೆ ಗಟ್ಟಿ. ಅಣ್ಣನ್ನ ಮತ್ತೆ ಕರೆಸಿದ್ವಿ. ಜಲ್ಲಿ ತುಂಬಿದ್ರೆ ಅವರು ಇಳಿಯೋಕೇ ಆಗ್ತಿರ್ಲಿಲ್ಲ ಅನ್ನೋದನ್ನ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಮಾರ್ಚ್ 2025, ಬೆಳಗ್ಗೆ 7, ಚಾಕ್ ಗೆರೆ, ನಿಂಬೆಹಣ್ಣು. ನಿಂಬೆಹಣ್ಣು ಟಪ್ ಅಂತ ಕಾಂಕ್ರೀಟ್ ಮೇಲೆ ಬಿದ್ದು ಅಲ್ಲೇ ಕೂತ್ಕೊಳ್ತು. ಮೋರಿ ಒಣಗಿತ್ತು. ನಾನೂ ಮೇಷ್ಟ್ರೂ ಒಬ್ರ ಮುಖ ಒಬ್ರು ನೋಡ್ಕೊಂಡು ಮೈಸೂರ್ ಪಾಕ್ ತಂದು ಹಂಚಿದ್ವಿ. ಹಂಚೋಕೆ ಹೋದ ಮೂರನೇ ಮನೇಲೇ "ಏನ್ರೀ ಇದು, ಅಷ್ಟೆಲ್ಲ ಮಾಡಿ ಹಳ್ಳಾನೇ ಸಾಯಿಸಿಬಿಟ್ರಲ್ಲ, ಮೊದ್ಲು ಅಟ್‌ಲೀಸ್ಟ್ ನೀರಾದ್ರೂ ಇತ್ತು" ಅಂದ್ರು. ದಕ್ಷಿಣ ಕೊರಿಯಾದ ಸಿಯೋಲ್ ನಗರದ ಚಂಗ್ಯೆಚಾನ್ ಹೊಳೆ ವಿಡಿಯೋ ತೋರಿಸಿ ಇಂಥದ್ದು ಆಗತ್ತೆ ಅಂದ್ಕೊಂಡಿದ್ವಿ ಅಂದ್ರು. ಫ್ಲೈಓವರ್ ಒಡೆದು ತೆಗೆದು 2005ರಲ್ಲಿ ಮಾಡಿ ಮುಗಿಸಿದ ಹೊಳೆ ಅದು, ನೋಡೋಕೆ ಚಂದ ಇದೆ, ಆದ್ರೆ ಅಲ್ಲಿ ಹರಿಯೋ ನೀರಲ್ಲಿ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ಬಿಡೋದು. ಪಂಪ್ ರಿಪೇರಿ ಮಾಡೋನಾಗಿ ಹೇಳ್ತೀನಿ, ಪಂಪ್ ಇರೋವರೆಗೂ ಹೊಳೆ. ಇನ್ನೊಂದು ತಮಾಷೆ, ಎರಡನೇ ಪಾತಿಯ ಕಾಬಾಳೆಗೆ ಕುಡಿಯೋಕೆ ಕೊಳಕು ನೀರಿಲ್ದೆ ಏಪ್ರಿಲಲ್ಲಿ ಸುಟ್ಟು ಕರಕಲಾಯ್ತು. ಬಕೆಟಲ್ಲಿ ಬಟ್ಟೆ ಒಗೆದ ನೀರು ತಂದು ಹುಯ್ಯೋ ಯೋಚನೆ ಒಂದ್ಸಲ ಬಂತು ಅಂತ ಒಪ್ಕೋತೀನಿ.

ನಮ್ಮದು 9 ಹೆಕ್ಟೇರು, ವೃಷಭಾವತಿಯ ಲೆಕ್ಕದಲ್ಲಿ ಸಾಸಿವೆ ಕಾಳು. ಒಂದು ದಿನ ನೋಡ್ಕೊಂಡು ಬರೋಣ ಅಂತ ಬೈರಮಂಗಲಕ್ಕೆ ಹೋಗಿದ್ವಿ. ಕೋಡಿ ಕಡೆ ಬಿಳಿ ನೊರೆ ಹತ್ತಿ ಮೂಟೆ ಒಡೆದ ಹಾಗೆ ಹಾರ್ತಿತ್ತು, ದಡದಲ್ಲಿ ಮೇವಿನ ಹುಲ್ಲು ಕೊಯ್ತಿದ್ದ ಒಬ್ಬ ಯಜಮಾನ್ರು ಎಲ್ಲಿಂದ ಬಂದ್ರಿ ಅಂತ ಕೇಳಿ, ಬೆಂಗಳೂರು ಅಂದಿದ್ದಕ್ಕೆ "ಓ, ನೀವು ಮೇಲಿನೋರು" ಅಂದ್ರು, ಅಷ್ಟೇ. ಪೀಣ್ಯದ ಒಂದು ಭಾಗ, ಕುಂಬಳಗೋಡು, ಈ ಕಡೆಯ ಕಾರ್ಖಾನೆ ನೀರೂ ಇದೇ ಕಣಿವೆಗೆ ಬರತ್ತೆ, ಅದರಲ್ಲಿರೋ ಲೋಹಕ್ಕೆ ನಮ್ಮ ಗಿಡದ ಪಾತಿ ಏನೂ ಮಾಡಲ್ಲ, ಅದನ್ನ ಕಾರ್ಖಾನೆ ಗೇಟಿನ ಒಳಗೇ ಹಿಡೀಬೇಕು. ನಾನು ಕೆಲಸ ಮಾಡೋ ಶೆಡ್ಡಿನ ಎಣ್ಣೆ ನೀರು ಎಲ್ಲಿಗೆ ಹೋಗತ್ತೆ ಅಂತ ವಾಪಸ್ಸು ಬರೋವಾಗ ಮೇಷ್ಟ್ರು ಕೇಳಿದ್ರು. ಡ್ರಮ್ಮಿಗೆ ಹಾಕಿ ಕೊಡ್ತೀವಿ ಅಂದೆ. ಯಾರಿಗೆ ಅಂದ್ರು. ಅದನ್ನ ಈಗ ಪತ್ತೆ ಹಚ್ತಾ ಇದೀನಿ.

ಮೊನ್ನೆ ಮಳೆಗಾಲ ಮುಗಿದು ಮೋರಿ ಮತ್ತೆ ಒಣಗೋ ಹೊತ್ತಿಗೆ, 3ನೇ ಕ್ರಾಸ್ ಕೆಳಗೆ ಮೋರಿಯ ಕಲ್ಲುಗೋಡೆ ಸಂದಿಯಿಂದ ನೀರು ಜಿನುಗೋಕೆ ಶುರುವಾಗಿದೆ. ಬೆರಳಷ್ಟು ದಪ್ಪ, ಕನ್ನಡಿ ಹಾಗೆ ತಿಳಿ, ಕೆಳಗೆ ಪಾಚಿ. ಎದುರು ಮನೆ ಅಕ್ಕ ಗಂಗಮ್ಮ ಬಂದ್ಲು ಅಂತ ಕುಂಕುಮ ಇಟ್ಟು ಹೋಗಿದಾರೆ. ನನಗೆ ಅನುಮಾನ, ಕಾವೇರಿ ಪೈಪ್ ಒಡೆದಿರಬೇಕು ಅಂತ. ನಮಗೆ ದಿನ ಬಿಟ್ಟು ದಿನ ನೀರು ಬಿಡೋದು, ಪೈಪ್ ಲೀಕ್ ಆಗಿದ್ರೆ ನೀರು ಬಿಟ್ಟ ದಿನ ಜಾಸ್ತಿ ಬರಬೇಕು. ಎರಡು ವಾರ ಬಾಟಲ್ ಹಿಡಿದು ಅಳೆದೆ, ಎಲ್ಲಾ ದಿನ ಒಂದೇ ಸಮ, ಒಂದು ಲೀಟರಿಗೆ 25 ಸೆಕೆಂಡ್. ನೀರಲ್ಲಿ ಕರಗಿರೋ ಲವಣ ಅಳೆಯೋ ಟಿಡಿಎಸ್ ಮೀಟರ್ ಇಟ್ರೆ 460, ನಲ್ಲಿ ನೀರು 210. ನಲ್ಲಿದಲ್ಲ. ಮೇಲಿನ ಬೀದಿಯ ಆರು ಬಾವಿಯ ನೀರೇ ಮಣ್ಣೊಳಗೆ ನಡ್ಕೊಂಡು ಬರ್ತಿದೆ ಅಂತ ಮೇಷ್ಟ್ರಿಗೆ ಫೋನ್ ಮಾಡಿ ಕಿರುಚಿದೆ.

ಅವರು ಶಾಂತವಾಗಿ "ಕಪ್ಪು ಬಾಟಲ್ ಟೆಸ್ಟ್ ಮಾಡಿದ್ಯಾ" ಅಂದ್ರು. ಕೊಳಚೆಯ ಬ್ಯಾಕ್ಟೀರಿಯಾ ಇದ್ರೆ ಕಪ್ಪಾಗೋ ಸಣ್ಣ ಬಾಟಲ್ ಸಿಗತ್ತೆ, ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಡೋದು. ಮೋರಿ ನೀರಿಗೆ ಹಿಂದೆ ಇಟ್ಟಾಗ ಬೆಳಗಾಗೋದ್ರಲ್ಲಿ ಇದ್ದಿಲಾಗ್ತಿತ್ತು. ಈ ಒರತೆ ನೀರನ್ನ ಶುಕ್ರವಾರ ಸಂಜೆ ತುಂಬಿ ಅಡುಗೆಮನೆ ಫ್ರಿಜ್ ಮೇಲೆ ಇಟ್ಟೆ, ಮನೆಯವಳು ಅಲ್ಲಿಂದ ಎತ್ತಿ ಮೆಟ್ಟಿಲ ಕೆಳಗೆ ಇಟ್ಲು. ಶನಿವಾರ ಬೆಳಗ್ಗೆ ತಿಳಿ, ಮಧ್ಯಾಹ್ನ ತಿಳಿ, ರಾತ್ರಿ ಮಲಗೋಕ್ ಮುಂಚೆ ನೋಡಿದೆ, ತಳದಲ್ಲಿ ಬೂದು ಬಣ್ಣ. ಭಾನುವಾರ ಬೆಳಗ್ಗೆ ಕಪ್ಪು.

ಅಂದ್ರೆ ಒರತೆ ನಿಜ, ಆದ್ರೆ ದಾರೀಲಿ ಎಲ್ಲೋ ಯುಜಿಡಿ ಜಾಯಿಂಟ್ ಒಂದು ಮಣ್ಣೊಳಗೆ ಸೋರ್ತಿರಬೇಕು. 3ನೇ ಕ್ರಾಸಲ್ಲಿ ಐದು ಮ್ಯಾನ್‌ಹೋಲ್ ಇವೆ, ಮೇಲಿಂದ ಒಂದೊಂದಾಗಿ ಪುಡಿ ಹಾಕ್ಕೊಂಡು ಬರಬೇಕು, ಮಣ್ಣೊಳಗೆ ಹಾದು ಬರೋಕೆ ದಿನಗಳೇ ಹಿಡಿಯಬಹುದು ಅಂತ ಮೇಷ್ಟ್ರು ಮಡಚೋ ಕುರ್ಚಿ ರೆಡಿ ಮಾಡ್ಕೊಂಡಿದಾರೆ. ಡಬ್ಬೀಲಿ ಹಸಿರು ಪುಡಿ ಇನ್ನೂ ಅರ್ಧ ಇದೆ. ಈ ಸಲ ಗ್ಲೌಸ್ ತಂದಿದೀನಿ.